ಗ್ರೀಕರಲ್ಲಿ ಸತ್ಯದ ಬೆಲೆ: ಪ್ಲೇಟೋನ ಸಂವಾದಗಳನ್ನು ಓದುವ ಒಂದು ಕ್ರಮ

ಪ್ರಾಚೀನ ಗ್ರೀಕ್ ತತ್ತ್ವಶಾಸ್ತ್ರದಲ್ಲಿ ಸತ್ಯಕ್ಕೆ ಎಂಥ ಬೆಲೆಯಿತ್ತು ಎಂದು ತಿಳಿಯಬಯಸುವವರು ಸಾಮಾನ್ಯವಾಗಿ ಮೊದಲು ಹುಡುಕುವುದು ಒಂದು ವ್ಯಾಖ್ಯೆಯನ್ನು, ಇಲ್ಲವೇ ಬರೆದಿಟ್ಟುಕೊಳ್ಳಬಹುದಾದ ಒಂದು ಸುಭಾಷಿತವನ್ನು. ಎರಡೂ ಸಿಗುತ್ತವೆ, ಆದರೆ ಅವುಗಳಿಂದ ಬೆಲೆ ಎಂಬ ಮಾತಿನ ಅರ್ಥ ತಿಳಿಯುವುದಿಲ್ಲ. ಯಾವುದೇ ವಸ್ತುವಿನ ಬೆಲೆ ಗೊತ್ತಾಗುವುದು ಅದಕ್ಕಾಗಿ ಜನ ಏನನ್ನು ಬಿಟ್ಟುಕೊಡಲು ಸಿದ್ಧರಿದ್ದಾರೆ ಎಂಬುದರಿಂದ. ಗ್ರೀಕ್ ಪಠ್ಯಗಳಲ್ಲಿ, ಅದರಲ್ಲೂ ಪ್ಲೇಟೋನ ಸಂವಾದಗಳಲ್ಲಿ, ಇದು ಕಣ್ಣಿಗೆ ಕಟ್ಟುವಂತೆ ಕಾಣುವುದು ಒಂದು ನಿರ್ದಿಷ್ಟ ಗಳಿಗೆಯಲ್ಲಿ: ಮಾತಿನ ನಡುವೆ ಒಬ್ಬನ ತಪ್ಪು ಎಲ್ಲರೆದುರು ಬಯಲಾದಾಗ ಅವನು ಏನು ಮಾಡುತ್ತಾನೆ ಎಂಬಲ್ಲಿ. ಅಂಥ ಗಳಿಗೆಗಳನ್ನು ಗುರುತಿಸಿ, ಅಲ್ಲಿ ನಿಂತು, ನಿಧಾನವಾಗಿ ಓದುವ ಕ್ರಮವೊಂದನ್ನು ಇಲ್ಲಿ ವಿವರಿಸಿದ್ದೇನೆ. ಇದಕ್ಕೆ ಗ್ರೀಕ್ ಭಾಷೆ ಬರಬೇಕಾಗಿಲ್ಲ. ಒಂದು ನೋಟುಬುಕ್ಕು, ಒಂದು ಪೆನ್ಸಿಲ್ಲು ಮತ್ತು ಸಾಧ್ಯವಾದರೆ ಜೊತೆಗೆ ಕೂತು ಓದುವ ಒಬ್ಬ ಗೆಳೆಯನೋ ಗೆಳತಿಯೋ ಇದ್ದರೆ ಸಾಕು.

ಪುಸ್ತಕ ಆರಿಸುವಾಗ ಒಂದು ಸಂಗತಿಯನ್ನು ನೋಡಿಕೊಳ್ಳಬೇಕು. ಪ್ಲೇಟೋನ ಒಳ್ಳೆಯ ಅನುವಾದಗಳ ಅಂಚಿನಲ್ಲಿ 17ಎ, 458ಎ ಎಂಬಂಥ ಗುರುತುಗಳಿರುತ್ತವೆ. ಇವು 1578ರಲ್ಲಿ ಜಿನೀವಾದಲ್ಲಿ ಅಚ್ಚಾದ ಸ್ಟೆಫಾನಸ್ ಆವೃತ್ತಿಯ ಪುಟಸಂಖ್ಯೆಗಳು. ಯಾವ ಭಾಷೆಯ ಅನುವಾದವಾದರೂ ಈ ಸಂಖ್ಯೆಗಳು ಒಂದೇ ಆಗಿರುವುದರಿಂದ ಇಬ್ಬರು ಬೇರೆ ಬೇರೆ ಪುಸ್ತಕ ಹಿಡಿದಿದ್ದರೂ ಒಂದೇ ಸಾಲಿಗೆ ಬಂದು ನಿಲ್ಲಬಹುದು. ಈ ಗುರುತುಗಳಿಲ್ಲದ ಪ್ರತಿಯನ್ನು ಸಂಗ್ರಹವೆಂದು ತಿಳಿದು ಪಕ್ಕಕ್ಕಿಡುವುದು ಲೇಸು, ಏಕೆಂದರೆ ಸಂಗ್ರಹಗಳಲ್ಲಿ ಮೊದಲು ಬಿಟ್ಟುಹೋಗುವುದೇ ನಮಗೆ ಬೇಕಾದ ಹಿಂಜರಿಕೆಗಳು, ನಗುಗಳು ಮತ್ತು ಒಲ್ಲದ ಮನಸ್ಸಿನ ಒಪ್ಪಿಗೆಗಳು.

ಓದಲು ತೊಡಗುವ ಮುನ್ನ ಒಂದು ಪದವನ್ನು ಪರಿಚಯಿಸಿಕೊಳ್ಳಬೇಕು. ಸತ್ಯಕ್ಕೆ ಗ್ರೀಕರ ಪದ ‘ಅಲೇಥೆಯಾ’. ಅದರ ಒಡಲಲ್ಲಿ ‘ಲೇಥೇ’, ಅಂದರೆ ಮರೆವು ಅಥವಾ ಮರೆ, ಇದೆಯೆಂದೂ, ಮುಂದಿನ ‘ಅ’ಕಾರ ನಮ್ಮ ‘ಅಜ್ಞಾನ’ದಲ್ಲಿರುವ ಅಕಾರದಂತೆ ನಿಷೇಧಾರ್ಥದ್ದೆಂದೂ ಬಹುಕಾಲದಿಂದ ಅರ್ಥ ಹೇಳಿಕೊಂಡು ಬಂದಿದ್ದಾರೆ, ಹಾಗಾದರೆ ಸತ್ಯವೆಂದರೆ ಮರೆಯಾಗದೆ ಇರುವುದು. ಇದರ ಜೊತೆಗೆ ಗ್ರೀಕರಲ್ಲಿ ಇನ್ನೊಂದು ಮಾತಿನ ರೂಢಿಯೂ ಇತ್ತು: ನಿಜ ಹೇಳು ಎನ್ನುವುದಕ್ಕೆ ‘ಇರುವುದನ್ನು ಹೇಳು’ ಎನ್ನುತ್ತಿದ್ದರು. ‘ಸತ್’ ಎಂಬುದರಿಂದ ‘ಸತ್ಯ’ವನ್ನು ಪಡೆದ ಭಾಷೆಗಳ ನೆರಳಿನಲ್ಲಿ ಬೆಳೆದ ನಮಗೆ ಈ ಎರಡನೆಯ ರೂಢಿ ತಟ್ಟನೆ ಅರ್ಥವಾಗುತ್ತದೆ. ಆದರೆ ಪದದ ವ್ಯುತ್ಪತ್ತಿಯಿಂದಲೇ ತತ್ತ್ವವನ್ನು ಹಿಂಡಿ ತೆಗೆಯುವ ಆಸೆಗೆ ಬೀಳಬಾರದು. ಪದವನ್ನು ಕಿವಿಯಲ್ಲಿಟ್ಟುಕೊಂಡು ಪಠ್ಯಕ್ಕೆ ಹೋಗಬೇಕು.

ಮೊದಲು ಓದಬೇಕಾದದ್ದು ‘ಅಪಾಲಜಿ’. ಈ ಹೆಸರನ್ನು ನೋಡಿ ಕ್ಷಮಾಪಣೆಯೆಂದು ತಿಳಿಯುವವರಿದ್ದಾರೆ. ಗ್ರೀಕಿನ ‘ಅಪೊಲೊಗಿಯಾ’ ಎಂದರೆ ನ್ಯಾಯಾಲಯದಲ್ಲಿ ಆರೋಪಿ ಮಾಡುವ ಪ್ರತಿವಾದ. ಕ್ರಿಸ್ತಪೂರ್ವ 399ರಲ್ಲಿ, ಪ್ಲೇಟೋನ ಗುರು, ಎಪ್ಪತ್ತು ವರ್ಷದ ಸಾಕ್ರಟೀಸ್ ಅಥೆನ್ಸಿನ ನೂರಾರು ಮಂದಿ ನ್ಯಾಯದರ್ಶಿಗಳ ಮುಂದೆ ನಿಂತು ಮೆಲಿಟಸ್, ಅನಿಟಸ್ ಮತ್ತು ಲೈಕಾನ್ ಎಂಬ ಮೂವರ ಆರೋಪಗಳಿಗೆ ಉತ್ತರ ಕೊಡುತ್ತಾನೆ. ಇದನ್ನು ಒಂದೇ ಕೂರಿಕೆಯಲ್ಲಿ, ಗಟ್ಟಿಯಾಗಿ ಓದಬೇಕು. ಎರಡು ಗಂಟೆಗಿಂತ ಹೆಚ್ಚು ಹಿಡಿಯುವುದಿಲ್ಲ. ಮೊದಲ ಎರಡು ವಾಕ್ಯಗಳಲ್ಲೇ ನಿಲ್ಲಿ. ತನ್ನ ಮೇಲೆ ಆರೋಪ ಹೊರಿಸಿದವರು ಎಷ್ಟು ಮನವೊಲಿಸುವಂತೆ ಮಾತನಾಡಿದರೆಂದರೆ ತಾನು ತನ್ನನ್ನೇ ಮರೆಯುವಂತಾಯಿತು, ಆದರೂ ಅವರು ನಿಜವೆನ್ನಬಹುದಾದದ್ದನ್ನು ಒಂದನ್ನೂ ಹೇಳಲಿಲ್ಲ ಎಂದು ಸಾಕ್ರಟೀಸ್ ಆರಂಭಿಸುತ್ತಾನೆ. ಇಲ್ಲಿ ‘ಮರೆತೆ’ ಎಂಬ ಕ್ರಿಯಾಪದವೂ ಮರುವಾಕ್ಯದ ‘ನಿಜ’ ಎಂಬ ಪದವೂ ಗ್ರೀಕ್ ಕಿವಿಗೆ ಒಂದೇ ಬೇರಿನವಾಗಿ ಕೇಳಿಸುತ್ತವೆ. ಸೊಗಸಾದ ಮಾತು ಮನುಷ್ಯನನ್ನು ತನಗೆ ತಾನೇ ಮರೆಸಿಬಿಡುತ್ತದೆ, ನಿಜದ ಮಾತು ಮರೆತದ್ದನ್ನು ತಂದು ನಿಲ್ಲಿಸುತ್ತದೆ ಎಂಬ ವಿರೋಧ ಇಡೀ ಭಾಷಣಕ್ಕೆ ಶ್ರುತಿಯಂತಿದೆ. ನಾನು ಇದನ್ನು ಹಲವು ಸಲ ಓದಿದ ಮೇಲೆಯೇ ಗಮನಿಸಿದ್ದು. ಗಮನಿಸಿದ ದಿನದಿಂದ ಆ ಆರಂಭವನ್ನು ವಾಡಿಕೆಯ ವಿನಯವೆಂದು ಓದಲು ಸಾಧ್ಯವಾಗಿಲ್ಲ.

‘ಅಪಾಲಜಿ’ಯನ್ನು ಓದುತ್ತಾ ನೋಟುಬುಕ್ಕಿನ ಒಂದು ಪುಟದಲ್ಲಿ, ಸತ್ಯಕ್ಕಾಗಿ ಏನು ತೆತ್ತ ಎಂಬ ತಲೆಬರಹ ಹಾಕಿ, ಸಾಕ್ರಟೀಸ್ ಮಾತಿನಲ್ಲಿ ಹೇಳಿದ್ದನ್ನಲ್ಲ, ಮಾಡಿದ್ದನ್ನು ಮಾತ್ರ ಬರೆಯುತ್ತಾ ಹೋಗಿ. ಅವನೇ 32ನೆಯ ಪುಟದಲ್ಲಿ ನ್ಯಾಯದರ್ಶಿಗಳಿಗೆ ಮಾತಿನ ಬದಲು ಕೃತಿಯನ್ನೇ ಸಾಕ್ಷಿಯಾಗಿ ಕೊಡುತ್ತಾನೆ. ಕ್ರಿಸ್ತಪೂರ್ವ 406ರಲ್ಲಿ ಆರ್ಗಿನೂಸೆಯ ನೌಕಾಯುದ್ಧ ಮುಗಿಸಿ ಬಂದ ಸೇನಾನಿಗಳನ್ನು, ಸಮುದ್ರಕ್ಕೆ ಬಿದ್ದವರನ್ನು ಎತ್ತಿ ತರಲಿಲ್ಲವೆಂಬ ಕಾರಣಕ್ಕೆ, ಕಾನೂನಿಗೆ ವಿರುದ್ಧವಾಗಿ ಒಟ್ಟಿಗೇ ವಿಚಾರಿಸಲು ಹೊರಟಾಗ, ಅಧ್ಯಕ್ಷಮಂಡಲಿಯಲ್ಲಿದ್ದ ತಾನೊಬ್ಬನೇ ವಿರೋಧಿಸಿದ್ದು ಮೊದಲನೆಯದು. ಮೂವತ್ತು ಜನ ನಿರಂಕುಶರ ಆಡಳಿತದಲ್ಲಿ, ಸಲಾಮಿಸಿನ ಲಿಯಾನ್ ಎಂಬವನನ್ನು ಕೊಲ್ಲಲೆಂದು ಹಿಡಿದು ತರಲು ಐವರಿಗೆ ಆಜ್ಞೆಯಾದಾಗ ಉಳಿದ ನಾಲ್ವರು ಸಲಾಮಿಸಿಗೆ ಹೋದರು, ತಾನು ಮನೆಗೆ ಹೋದೆ ಎಂಬುದು ಎರಡನೆಯದು. ಒಂದು ಪ್ರಜಾಪ್ರಭುತ್ವದ ಎದುರು, ಇನ್ನೊಂದು ನಿರಂಕುಶರ ಎದುರು; ಯಾವ ಪಕ್ಷ ಅಧಿಕಾರದಲ್ಲಿದ್ದರೂ ಅವನ ನಡೆ ಬದಲಾಗಲಿಲ್ಲ ಎಂಬುದನ್ನು ಪಕ್ಕದಲ್ಲೇ ಗುರುತು ಮಾಡಿಕೊಳ್ಳಿ. ಇನ್ನು ಮೂವತ್ತು ಮತಗಳು ಆಚೆಯಿಂದ ಈಚೆಗೆ ಬಿದ್ದಿದ್ದರೆ ಬಿಡುಗಡೆಯಾಗುತ್ತಿದ್ದೆ ಎಂದು 36ನೆಯ ಪುಟದಲ್ಲಿ ಅವನೇ ಹೇಳುತ್ತಾನೆ. ಮಕ್ಕಳನ್ನು ಕರೆತಂದು ಅತ್ತು ಕರೆದು ಮಾಡಿದ್ದರೆ ಆ ಮೂವತ್ತು ಮತಗಳು ಬರುತ್ತಿರಲಿಲ್ಲವೆಂದು ಹೇಳಲಾಗದು. ಗಾಂಧೀಜಿ 1908ರಲ್ಲಿ ದಕ್ಷಿಣ ಆಫ್ರಿಕದಲ್ಲಿದ್ದಾಗ ಈ ಭಾಷಣವನ್ನು ಗುಜರಾತಿಯಲ್ಲಿ ಸಂಗ್ರಹಿಸಿ, ಸಾಕ್ರಟೀಸನನ್ನು ಸತ್ಯವೀರನೆಂದು ಕರೆದು ಪ್ರಕಟಿಸಿದರು. ಅವರ ಕಣ್ಣು ಬಿದ್ದದ್ದೂ ಈ ತೆತ್ತ ಬೆಲೆಯ ಮೇಲೆಯೇ.

ಇದಾದ ಮೇಲೆ ‘ಗೋರ್ಗಿಯಾಸ್’ ಸಂವಾದಕ್ಕೆ ಬನ್ನಿ. ಇದಕ್ಕೆ ಒಂದು ತಿಂಗಳು ಕೊಟ್ಟರೂ ಹೆಚ್ಚಲ್ಲ. ಇಲ್ಲಿ ಜೊತೆಗಾರರು ಬೇಕು. ಒಬ್ಬರು ಸಾಕ್ರಟೀಸನ ಮಾತನ್ನೂ ಇನ್ನೊಬ್ಬರು ಎದುರಾಳಿಯ ಮಾತನ್ನೂ ಓದಬೇಕು. ನಿಯಮ ಒಂದೇ: ಎದುರಾಳಿಯ ಪಾತ್ರ ಓದುವವರು ಪ್ರತಿ ‘ಹೌದು’ ಹೇಳುವ ಮೊದಲು ಪುಸ್ತಕದಿಂದ ತಲೆಯೆತ್ತಿ, ನನಗೂ ಇದು ನಿಜವೆನಿಸುತ್ತದೆಯೇ ಎಂದು ಕೇಳಿಕೊಳ್ಳಬೇಕು, ಅನಿಸದಿದ್ದರೆ ಅಲ್ಲೇ ನಿಲ್ಲಿಸಿ ಕಾರಣವನ್ನು ಬರೆದಿಡಬೇಕು. ಸಾಕ್ರಟೀಸ್ ಮಾಡುವ ಖಂಡನೆಗೆ, ಗ್ರೀಕರು ‘ಎಲೆಂಕೋಸ್’ ಎನ್ನುವುದಕ್ಕೆ, ಆಧಾರವೇ ಉತ್ತರ ಕೊಡುವವನು ತಾನು ನಂಬಿದ್ದನ್ನು ಮಾತ್ರ ಹೇಳಬೇಕೆಂಬ ಕರಾರು. ಈ ಕರಾರು ಮುರಿದರೆ ಏನಾಗುತ್ತದೆಂದು 495ನೆಯ ಪುಟದಲ್ಲಿ ಕಾಣಬಹುದು: ನಿನಗೆ ಅನಿಸಿದ್ದಕ್ಕೆ ವಿರುದ್ಧವಾಗಿ ಮಾತನಾಡಿದರೆ ನಾವು ಆಗಿನಿಂದ ಮಾಡಿಕೊಂಡು ಬಂದ ವಿಚಾರವನ್ನೇ ಕೆಡಿಸಿದಂತಾಗುತ್ತದೆ ಎಂದು ಸಾಕ್ರಟೀಸ್ ತನ್ನ ಮೂರನೆಯ ಎದುರಾಳಿ ಕ್ಯಾಲಿಕ್ಲೀಸನನ್ನು ಎಚ್ಚರಿಸುತ್ತಾನೆ.

ಸಂವಾದದ ಮೊದಲ ಭಾಗದಲ್ಲಿ ಸಿಸಿಲಿಯಿಂದ ಬಂದ ಹೆಸರಾಂತ ವಾಗ್ಮಿ ಗೋರ್ಗಿಯಾಸ್ ತನ್ನ ಕಲೆಯ ಶಕ್ತಿಯನ್ನು ಒಂದು ಉದಾಹರಣೆಯಿಂದ ತೋರಿಸುತ್ತಾನೆ. ಅವನ ತಮ್ಮನೋ ಅಣ್ಣನೋ ವೈದ್ಯ; ಔಷಧಿ ಕುಡಿಯಲು, ಕೊಯ್ಯಿಸಿಕೊಳ್ಳಲು, ಬರೆ ಹಾಕಿಸಿಕೊಳ್ಳಲು ಒಪ್ಪದ ರೋಗಿಗಳ ಬಳಿಗೆ ಅವನೊಡನೆ ಹೋಗಿ, ವೈದ್ಯ ಒಪ್ಪಿಸಲಾಗದ್ದನ್ನು ತಾನು ಬರಿಯ ಮಾತಿನ ಕಲೆಯಿಂದ ಒಪ್ಪಿಸುತ್ತಿದ್ದೆನೆಂದು ಅವನು ಹೇಳಿಕೊಳ್ಳುತ್ತಾನೆ. ಇಲ್ಲಿ ಗೋರ್ಗಿಯಾಸನನ್ನು ಖಳನೆಂದು ಓದಬೇಡಿ. ಅವನ ಉದಾಹರಣೆಯಲ್ಲಿ ರೋಗಿಗೆ ಒಳ್ಳೆಯದೇ ಆಗುತ್ತದೆ, ಮತ್ತು ಅದು ಬಲವಾದ ಪೂರ್ವಪಕ್ಷ. ಕೇಳಬೇಕಾದ ಪ್ರಶ್ನೆ ಇದು: ರೋಗಿಯನ್ನು ಒಪ್ಪಿಸಿದ ಮಾತಿನಲ್ಲಿ ರೋಗದ ತಿಳಿವು ಎಷ್ಟಿತ್ತು? ವೈದ್ಯನ ಜಾಗದಲ್ಲಿ ಮಿಠಾಯಿ ಮಾಡುವವನಿದ್ದು, ಅವನ ಪರವಾಗಿಯೂ ಅದೇ ಮಾತನ್ನಾಡಿದ್ದರೆ ಮಾತಿನ ಕಲೆ ತಡೆಯುತ್ತಿತ್ತೇ? ಸಾಕ್ರಟೀಸ್ ಮುಂದೆ ಇದನ್ನೇ ಕೇಳುತ್ತಾನೆ. ಮಕ್ಕಳೇ ನ್ಯಾಯದರ್ಶಿಗಳಾದ ನ್ಯಾಯಾಲಯದಲ್ಲಿ ವೈದ್ಯನ ಮೇಲೆ ಮಿಠಾಯಿಯವನು ದಾವೆ ಹೂಡಿದರೆ ವೈದ್ಯ ಗೆಲ್ಲುವುದುಂಟೇ ಎಂದು.

ಈಗ 458ನೆಯ ಪುಟಕ್ಕೆ ಬನ್ನಿ. ಸತ್ಯದ ಬೆಲೆಯ ಬಗ್ಗೆ ಗ್ರೀಕರಲ್ಲಿ ಒಂದೇ ಪುಟ ಓದಬೇಕೆಂದರೆ ನಾನು ಇದನ್ನೇ ತೋರಿಸುತ್ತೇನೆ. ಪ್ರಶ್ನೆಯನ್ನು ಮುಂದುವರಿಸುವ ಮೊದಲು ಸಾಕ್ರಟೀಸ್ ತಾನು ಎಂಥವನೆಂದು ಹೇಳಿಕೊಳ್ಳುತ್ತಾನೆ: ತಾನು ನಿಜವಲ್ಲದ್ದನ್ನು ಹೇಳಿದ್ದರೆ ಅದನ್ನು ಇನ್ನೊಬ್ಬರು ತಿದ್ದಿದಾಗ ಸಂತೋಷಪಡುವವನು, ಇನ್ನೊಬ್ಬರು ತಪ್ಪಿದರೆ ತಿದ್ದುವುದರಲ್ಲೂ ಸಂತೋಷಪಡುವವನು, ಆದರೆ ಎರಡರಲ್ಲಿ ತಿದ್ದಿಸಿಕೊಳ್ಳುವುದೇ ಹೆಚ್ಚಿನ ಲಾಭವೆಂದು ಎಣಿಸುವವನು, ಏಕೆಂದರೆ ಅತಿ ದೊಡ್ಡ ಕೇಡಿನಿಂದ ಇನ್ನೊಬ್ಬನನ್ನು ಬಿಡಿಸುವುದಕ್ಕಿಂತ ತಾನು ಬಿಡುಗಡೆ ಹೊಂದುವುದು ದೊಡ್ಡದು. ವಾಕ್ಯವನ್ನು ಮೆಚ್ಚಿ ಮುಂದೆ ಹೋಗಬೇಡಿ. ಇದರೊಳಗೆ ಲೆಕ್ಕಾಚಾರವೊಂದಿದೆ. ಮುಖ್ಯ ವಿಷಯಗಳಲ್ಲಿ ತಪ್ಪು ನಂಬಿಕೆ ಇಟ್ಟುಕೊಂಡಿರುವುದು ಮನುಷ್ಯನಿಗೆ ಆಗಬಹುದಾದ ಕೇಡುಗಳಲ್ಲೇ ದೊಡ್ಡದೆಂದು ಮೊದಲು ಒಪ್ಪಿದರೆ ಮಾತ್ರ, ವಾದದಲ್ಲಿ ಸೋತವನಿಗೆ ಗೆದ್ದವನಿಗಿಂತ ಹೆಚ್ಚು ಲಾಭವೆಂಬ ಮಾತು ನಿಲ್ಲುತ್ತದೆ. ನೋಟುಬುಕ್ಕಿನಲ್ಲಿ, ಇತ್ತೀಚೆಗೆ ನೀವು ವಾದದಲ್ಲಿ ಸೋತ ಒಂದು ಸಂದರ್ಭವನ್ನು ಬರೆದು, ಅಂದು ಕಳೆದುಕೊಂಡದ್ದೇನು, ಗಳಿಸಿದ್ದೇನು ಎಂದು ಎದುರುಬದುರಾಗಿ ಬರೆಯಿರಿ. ಸೋಲಿನ ಅವಮಾನ ಒಂದು ಕಡೆ ಬರುತ್ತದೆ; ತಪ್ಪಿನ ಬಿಡುಗಡೆ ಇನ್ನೊಂದು ಕಡೆ ಬರುತ್ತದೆಯೇ ಎಂಬುದು ಪ್ರಾಮಾಣಿಕವಾಗಿ ಬರೆದಾಗಲೇ ತಿಳಿಯುತ್ತದೆ.

ಎರಡನೆಯ ಎದುರಾಳಿ ಪೋಲಸ್ ಮಾತಿಗಿಳಿದ ಮೇಲೆ ಎದುರಾಗುವುದು ಇನ್ನೊಂದು ಬಗೆಯ ಕಷ್ಟ. ಮ್ಯಾಸಿಡೋನಿಯದ ಆರ್ಕೆಲಾಸ್ ಕೊಲೆಗಳ ಮೇಲೆ ಕೊಲೆ ಮಾಡಿ ಸಿಂಹಾಸನವೇರಿದ, ಆದರೂ ಸುಖವಾಗಿದ್ದಾನಲ್ಲ ಎಂದು ಅವನು ಕೇಳುತ್ತಾನೆ; ಅನ್ಯಾಯ ಮಾಡುವುದು ಅನ್ಯಾಯಕ್ಕೆ ಗುರಿಯಾಗುವುದಕ್ಕಿಂತ ಕೇಡಿನದು ಎಂಬ ಸಾಕ್ರಟೀಸನ ಮಾತಿಗೆ ನಕ್ಕುಬಿಡುತ್ತಾನೆ. ನಗುವುದೂ ಒಂದು ಬಗೆಯ ಖಂಡನೆಯೇ ಎಂದು ಸಾಕ್ರಟೀಸ್ ಕೇಳುತ್ತಾನೆ. ಇಲ್ಲಿರುವ ಯಾರನ್ನಾದರೂ ಕೇಳು, ನಿನ್ನ ಮಾತನ್ನು ಒಬ್ಬನೂ ಒಪ್ಪುವುದಿಲ್ಲ ಎನ್ನುತ್ತಾನೆ ಪೋಲಸ್. ಆಗ ಬರುವ ಉತ್ತರವನ್ನು 472 ಮತ್ತು 474ನೆಯ ಪುಟಗಳನ್ನು ಸೇರಿಸಿ ಓದಬೇಕು: ನೀನು ಇಡೀ ಅಥೆನ್ಸನ್ನು ಸಾಕ್ಷಿಯಾಗಿ ಕರೆತರಬಲ್ಲೆ, ಆದರೆ ಒಬ್ಬನಾದರೂ ನಾನು ಒಪ್ಪುವುದಿಲ್ಲ; ನನಗೆ ಕರೆಯಲು ಗೊತ್ತಿರುವುದು ಒಬ್ಬನೇ ಸಾಕ್ಷಿಯನ್ನು, ನಾನು ಯಾರೊಡನೆ ಮಾತನಾಡುತ್ತಿದ್ದೇನೋ ಅವನನ್ನು; ಬಹುಜನರೊಡನೆ ನಾನು ಮಾತನ್ನೇ ಆಡುವುದಿಲ್ಲ. ತಲೆಯೆಣಿಕೆಯಿಂದ ನಡೆಯುತ್ತಿದ್ದ ನಗರದಲ್ಲಿ, ನೂರಾರು ಮತಗಳಿಂದ ಮುಂದೆ ತನ್ನ ಪ್ರಾಣವೇ ನಿರ್ಣಯವಾಗಲಿರುವ ಮನುಷ್ಯನ ಬಾಯಲ್ಲಿ ಪ್ಲೇಟೋ ಈ ಮಾತನ್ನು ಇಟ್ಟಿದ್ದಾನೆ ಎಂಬುದು ನೆನಪಿರಲಿ. ಹೆಚ್ಚು ಜನ ಒಪ್ಪಿದ್ದಾರೆ ಎಂಬುದು ಒಂದು ಸಂಗತಿ, ಅದು ನಿಜ ಎಂಬುದು ಬೇರೊಂದು ಸಂಗತಿ ಎಂಬ ಭೇದವನ್ನು ಇಷ್ಟು ಹತ್ತಿರದಿಂದ ತೋರಿಸುವ ಪುಟಗಳು ಬೇರೆಡೆ ಕಡಿಮೆ.

ಮೂರನೆಯವನಾದ ಕ್ಯಾಲಿಕ್ಲೀಸ್ ಬಂದಾಗ ಸಾಕ್ರಟೀಸ್ ಚಿನ್ನ ಮತ್ತು ಒರೆಗಲ್ಲಿನ ಹೋಲಿಕೆ ಕೊಡುತ್ತಾನೆ. ನನ್ನ ಆತ್ಮ ಚಿನ್ನದ್ದಾಗಿದ್ದರೆ ಅದನ್ನು ಉಜ್ಜಿ ನೋಡಲು ಒಳ್ಳೆಯ ಒರೆಗಲ್ಲು ಸಿಕ್ಕಿದ್ದಕ್ಕೆ ಸಂತೋಷಪಡುತ್ತಿರಲಿಲ್ಲವೇ ಎಂದು ಕೇಳಿ, ಒರೆಗಲ್ಲಾಗುವವನಿಗೆ ಮೂರು ಗುಣಗಳಿರಬೇಕೆನ್ನುತ್ತಾನೆ: ತಿಳಿವು, ಹಿತಬಯಕೆ ಮತ್ತು ಮುಚ್ಚುಮರೆಯಿಲ್ಲದ ಮಾತು. ಓದಿನ ಜೊತೆಗಾರರನ್ನು ಆರಿಸುವಾಗಲೂ ಈ ಮೂರನ್ನೇ ನೋಡಬಹುದು. ತಿಳಿದವರು ಅನೇಕರು ಸಂಕೋಚದಿಂದ ನಿಜ ಹೇಳುವುದಿಲ್ಲ, ಹೇಳುವವರು ಕೆಲವರಿಗೆ ನಮ್ಮ ಹಿತ ಬೇಕಾಗಿರುವುದಿಲ್ಲ. ವಿತಂಡವಾದಕ್ಕೂ ಸಂವಾದಕ್ಕೂ ಇರುವ ವ್ಯತ್ಯಾಸ ನಡುವಿನ ಆ ಹಿತಬಯಕೆಯಲ್ಲೇ ಇದೆ.

ಇಷ್ಟು ಬಿಗಿಯಾದ ಓದಿನ ನಂತರ ‘ಮೆನೋ’ ಸಂವಾದದ 82ರಿಂದ 85ರವರೆಗಿನ ಪುಟಗಳನ್ನು ಕೈಯಿಂದ ಓದಬೇಕು. ನೋಟುಬುಕ್ಕಿನಲ್ಲಿ ಎರಡಡಿ ಬಾಹುವಿನ ಚೌಕವೊಂದನ್ನು ಬರೆಯಿರಿ. ಅದರ ವಿಸ್ತೀರ್ಣ ನಾಲ್ಕು ಚದರಡಿ. ಅದರ ಎರಡರಷ್ಟು, ಅಂದರೆ ಎಂಟು ಚದರಡಿಯ ಚೌಕದ ಬಾಹು ಎಷ್ಟು ಎಂದು ಸಾಕ್ರಟೀಸ್ ಮೆನೋನ ಮನೆಯ ಗುಲಾಮ ಹುಡುಗನನ್ನು ಕೇಳುತ್ತಾನೆ. ಹುಡುಗ ಅಳುಕಿಲ್ಲದೆ, ಬಾಹುವನ್ನೂ ಎರಡರಷ್ಟು ಮಾಡಿದರಾಯಿತು ಎನ್ನುತ್ತಾನೆ. ನಾಲ್ಕಡಿ ಬಾಹುವಿನ ಚೌಕ ಬರೆದು ಎಣಿಸಿ: ಹದಿನಾರು ಬಂತು. ಹಾಗಾದರೆ ಮೂರಡಿ ಎನ್ನುತ್ತಾನೆ, ಎಣಿಸಿದರೆ ಒಂಬತ್ತು. ಆಗ ಹುಡುಗ, ಜ್ಯೂಸ್ ದೇವರಾಣೆ, ನನಗೆ ಗೊತ್ತಿಲ್ಲ ಎನ್ನುತ್ತಾನೆ. ಇಲ್ಲಿ ಪೆನ್ಸಿಲ್ಲು ಕೆಳಗಿಡಿ. ಸಾಕ್ರಟೀಸ್ ಮೆನೋನ ಕಡೆ ತಿರುಗಿ, ಮೊದಲು ಗೊತ್ತಿಲ್ಲದೆಯೇ ಗೊತ್ತಿದೆಯೆಂದುಕೊಂಡಿದ್ದ, ಈಗ ಗೊತ್ತಿಲ್ಲವೆಂದು ತಿಳಿದಿದ್ದಾನೆ, ನಾವು ಇವನಿಗೆ ಕೆಟ್ಟದ್ದು ಮಾಡಿದೆವೇ ಎಂದು ಕೇಳುತ್ತಾನೆ. ಸ್ವಲ್ಪ ಮೊದಲು ಮೆನೋ ತಾನೇ ಮಾತು ಕಟ್ಟಿ ನಿಂತಾಗ, ಮುಟ್ಟಿದವರನ್ನು ಮರಗಟ್ಟಿಸುವ ಮೀನಿಗೆ ಸಾಕ್ರಟೀಸನನ್ನು ಹೋಲಿಸಿ ಸಿಡುಕಿದ್ದ. ಒಡೆಯ ಸಿಡುಕಿದ ಜಾಗದಲ್ಲಿ ಗುಲಾಮ ಹುಡುಗ ‘ಗೊತ್ತಿಲ್ಲ’ ಎಂದು ಸರಳವಾಗಿ ಹೇಳಿ ಮುಂದುವರಿಯುತ್ತಾನೆ. ಹದಿನಾರು ಚದರಡಿಯ ಚೌಕದೊಳಗಿನ ನಾಲ್ಕು ಚೌಕಗಳಲ್ಲಿ ಒಂದೊಂದರ ಕರ್ಣವನ್ನೆಳೆದಾಗ ನಡುವೆ ಓರೆಯಾಗಿ ನಿಂತ ಚೌಕವೇ ಎಂಟು ಚದರಡಿಯದೆಂದು ಕಾಣುವುದು ಅವನಿಗೆ, ಒಡೆಯನಿಗಲ್ಲ. ನಿಮ್ಮ ಕಾಗದದ ಮೇಲೂ ಅದನ್ನು ಎಳೆದು, ಅರ್ಧ ಚೌಕಗಳನ್ನು ಎಣಿಸಿ ನೋಡಿ.

ಅದೇ ಸಂವಾದದ ಕೊನೆಗೆ, 97ನೆಯ ಪುಟದಲ್ಲಿ, ಒಂದು ನಿಜವಾದ ತೊಡಕು ಬರುತ್ತದೆ. ಲಾರಿಸಾ ಊರಿನ ದಾರಿಯನ್ನು ತಿಳಿದವನೂ ಊಹೆಯಿಂದ ಸರಿಯಾಗಿ ಹೇಳಿದವನೂ ಇಬ್ಬರೂ ನಮ್ಮನ್ನು ಲಾರಿಸಾಗೆ ಮುಟ್ಟಿಸುತ್ತಾರೆ. ಹಾಗಿದ್ದರೆ ಸರಿಯಾದ ಅಭಿಪ್ರಾಯಕ್ಕಿಂತ ಜ್ಞಾನ ಯಾಕೆ ಮೇಲು? ಸಾಕ್ರಟೀಸ್ ಪುರಾಣದ ಶಿಲ್ಪಿ ಡೆಡಲಸ್ ಮಾಡಿದನೆನ್ನುವ ವಿಗ್ರಹಗಳನ್ನು ನೆನೆಯುತ್ತಾನೆ. ಕಟ್ಟಿಹಾಕದಿದ್ದರೆ ಅವು ಓಡಿಹೋಗುತ್ತವಂತೆ. ಸರಿಯಾದ ಅಭಿಪ್ರಾಯಗಳೂ ಹಾಗೆಯೇ. ಕಾರಣವನ್ನು ವಿಚಾರಿಸಿ ಕಟ್ಟುವವರೆಗೆ ಅವು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಸತ್ಯದ ಬೆಲೆ ಅದು ಕೈಗೆ ಸಿಗುವುದರಲ್ಲಿ ಮಾತ್ರವಲ್ಲ, ನಿಲ್ಲುವುದರಲ್ಲೂ ಇದೆಯೆಂಬ ಈ ಮಾತನ್ನು ನಾನು ಕಾಲೇಜಿನ ದಿನಗಳಲ್ಲಿ ಓದಿ ಮರೆತಿದ್ದೆ. ಸರಿಯೆಂದೇ ನಂಬಿದ್ದ ಒಂದು ಮಾತನ್ನು ಒಬ್ಬರು ಗಟ್ಟಿಯಾಗಿ ಅಲ್ಲಗಳೆದಾಗ ಕಾರಣ ಕೊಡಲಾಗದೆ ಕೈಬಿಟ್ಟ ದಿನ ಅದು ತಾನಾಗಿ ನೆನಪಾಯಿತು.

ಇಲ್ಲಿಯವರೆಗೆ ಬಂದವರು ಪ್ಲೇಟೋನ ಇನ್ನೊಂದು ಮುಖವನ್ನು ನೋಡದೆ ಬಿಡಬಾರದು. ‘ರಿಪಬ್ಲಿಕ್’ನ ಎರಡನೆಯ ಪುಸ್ತಕದಲ್ಲಿ, ಆತ್ಮದೊಳಗಿನ ಸುಳ್ಳನ್ನು ದೇವತೆಗಳೂ ಮನುಷ್ಯರೂ ಎಲ್ಲರೂ ದ್ವೇಷಿಸುತ್ತಾರೆ ಎಂದ ಅದೇ ಸಾಕ್ರಟೀಸ್, ಮೂರನೆಯ ಪುಸ್ತಕದಲ್ಲಿ ಆಳುವವರು ನಗರದ ಹಿತಕ್ಕಾಗಿ ಸುಳ್ಳನ್ನು ಔಷಧಿಯಂತೆ ಬಳಸಬಹುದೆನ್ನುತ್ತಾನೆ, ಪ್ರಜೆಗಳೆಲ್ಲ ಭೂಮಿಯೊಳಗೆ ರೂಪುಗೊಂಡವರು, ಕೆಲವರಲ್ಲಿ ಚಿನ್ನ, ಕೆಲವರಲ್ಲಿ ಬೆಳ್ಳಿ, ಉಳಿದವರಲ್ಲಿ ಕಬ್ಬಿಣ ಮತ್ತು ಕಂಚು ಬೆರೆತಿದೆ ಎಂಬ ಕಥೆಯನ್ನು ನಂಬಿಸಬೇಕೆನ್ನುತ್ತಾನೆ. ಹುಟ್ಟಿನಿಂದ ಮನುಷ್ಯರನ್ನು ಮೇಲುಕೀಳು ಮಾಡುವ ಕಥೆಗಳ ಭಾರವನ್ನು ಬಲ್ಲ ನಮ್ಮ ನಾಡಿನ ಓದುಗರು ಈ ಪುಟವನ್ನು ಸುಮ್ಮನೆ ದಾಟಲಾರರು, ದಾಟಲೂಬಾರದು. ಚಿನ್ನದವರಿಗೆ ಕಬ್ಬಿಣದ ಮಗು, ಕಬ್ಬಿಣದವರಿಗೆ ಚಿನ್ನದ ಮಗು ಹುಟ್ಟಬಹುದು, ಆಗ ಸ್ಥಾನ ಬದಲಿಸಬೇಕು ಎಂದು ಕಥೆಯಲ್ಲೇ ಇರುವುದು ನಿಜ. ಆದರೂ ತಿದ್ದಿಸಿಕೊಳ್ಳುವುದೇ ಲಾಭವೆಂದವನು ಪ್ರಜೆಗಳಿಂದ ಆ ಲಾಭವನ್ನು ಕಸಿದದ್ದು ಹೇಗೆ ಎಂಬ ಪ್ರಶ್ನೆಗೆ ನನಗೆ ತೃಪ್ತಿಕರವಾದ ಉತ್ತರ ಸಿಕ್ಕಿಲ್ಲ. ವ್ಯಾಖ್ಯಾನಕಾರರ ಸಮಾಧಾನಗಳನ್ನು ಓದುವ ಮೊದಲು ನಿಮ್ಮ ಆಕ್ಷೇಪವನ್ನು ಪೂರ್ತಿಯಾಗಿ ಬರೆದಿಡಿ. ಹತ್ತನೆಯ ಪುಸ್ತಕದ ಆರಂಭದಲ್ಲಿ, ಚಿಕ್ಕಂದಿನಿಂದ ಪ್ರೀತಿಸಿದ ಹೋಮರನನ್ನು ವಿಮರ್ಶಿಸಲು ಹೊರಟ ಸಾಕ್ರಟೀಸ್, ಸತ್ಯಕ್ಕಿಂತ ಹೆಚ್ಚಾಗಿ ಯಾವ ಮನುಷ್ಯನನ್ನೂ ಗೌರವಿಸಬಾರದು ಎನ್ನುತ್ತಾನೆ. ಆ ಮಾತು ಪ್ಲೇಟೋನಿಗೂ ಅನ್ವಯಿಸುತ್ತದೆ.

ಅದನ್ನು ಅನ್ವಯಿಸಿದವನು ಅವನ ಶಿಷ್ಯನೇ. ಇಪ್ಪತ್ತು ವರ್ಷ ಪ್ಲೇಟೋನ ಅಕಾಡೆಮಿಯಲ್ಲಿದ್ದ ಅರಿಸ್ಟಾಟಲ್ ‘ನೀತಿಶಾಸ್ತ್ರ’ದ ಮೊದಲ ಪುಸ್ತಕದ ಆರನೆಯ ಅಧ್ಯಾಯದಲ್ಲಿ ಗುರುವಿನ ಸಿದ್ಧಾಂತವನ್ನು ಖಂಡಿಸುವ ಮೊದಲು, ಇದನ್ನು ತಂದವರು ನನ್ನ ಸ್ನೇಹಿತರಾದ್ದರಿಂದ ಈ ಕೆಲಸ ಕಷ್ಟದ್ದು, ಸ್ನೇಹಿತರೂ ಸತ್ಯವೂ ಎರಡೂ ಪ್ರಿಯವೇ, ಆದರೂ ಸತ್ಯವನ್ನು ಮೊದಲು ಗೌರವಿಸುವುದು ಧರ್ಮ ಎನ್ನುತ್ತಾನೆ. ಇರುವುದನ್ನು ಇಲ್ಲವೆನ್ನುವುದು, ಇಲ್ಲದ್ದನ್ನು ಇದೆಯೆನ್ನುವುದು ಸುಳ್ಳು, ಇರುವುದನ್ನು ಇದೆಯೆಂದೂ ಇಲ್ಲದ್ದನ್ನು ಇಲ್ಲವೆಂದೂ ಹೇಳುವುದು ಸತ್ಯ ಎಂಬ ಅವನ ಹೆಸರಾಂತ ವ್ಯಾಖ್ಯೆ ‘ಮೆಟಾಫಿಸಿಕ್ಸ್’ನ ನಾಲ್ಕನೆಯ ಪುಸ್ತಕದಲ್ಲಿದೆ, ಆರಂಭದಲ್ಲಿ ಹುಡುಕುವ ವ್ಯಾಖ್ಯೆಯನ್ನು ಈಗ ಓದಿದರೆ ಅದು ಒಣ ಮಾತಾಗಿ ಕಾಣುವುದಿಲ್ಲ. ಆಮೇಲೆ ಬಂದ ಸ್ಟೋಯಿಕರು, ಎಪಿಕ್ಯೂರಸನ ಅನುಯಾಯಿಗಳು ಮತ್ತು ಸಂಶಯವಾದಿಗಳು ಸತ್ಯವನ್ನು ಗುರುತಿಸುವ ಮಾನದಂಡ ಯಾವುದು ಎಂಬುದನ್ನೇ ಹಿಡಿದು ಶತಮಾನಗಳ ಕಾಲ ವಾದಿಸಿದರು. ಅದು ಬೇರೆಯೇ ಓದಿಗೆ ಬಿಡಬೇಕಾದ ವಿಷಯ.

ಇದೆಲ್ಲ ಮುಗಿದ ಮೇಲೆ ‘ಗೋರ್ಗಿಯಾಸ್’ನ 505 ಮತ್ತು 506ನೆಯ ಪುಟಗಳಿಗೆ ಮರಳಿ, ಈ ಸಲ ಪಾತ್ರಗಳನ್ನು ಅದಲುಬದಲು ಮಾಡಿಕೊಂಡು ಓದಿ. ಕ್ಯಾಲಿಕ್ಲೀಸ್ ಬೇಸತ್ತು, ಇನ್ನು ಉತ್ತರ ಕೊಡುವುದಿಲ್ಲ, ನೀನೇ ಪ್ರಶ್ನೆ ಕೇಳಿಕೊಂಡು ನೀನೇ ಉತ್ತರ ಹೇಳಿಕೋ ಎನ್ನುವ ಜಾಗ ಅದು. ಸಾಕ್ರಟೀಸ್ ಬೇರೆ ದಾರಿಯಿಲ್ಲದೆ ಇಬ್ಬರ ಮಾತನ್ನೂ ತಾನೊಬ್ಬನೇ ಆಡಲು ತೊಡಗುತ್ತಾನೆ. ತೊಡಗುವ ಮೊದಲು, ನಾನು ತಿಳಿದವನಾಗಿ ಮಾತನಾಡುತ್ತಿಲ್ಲ, ನಿಮ್ಮ ಜೊತೆಗೂಡಿ ಹುಡುಕುತ್ತಿದ್ದೇನೆ, ಎದುರಾಡುವವನ ಮಾತಿನಲ್ಲಿ ಹುರುಳಿದೆಯೆಂದು ಕಂಡರೆ ಮೊದಲು ಒಪ್ಪುವವನು ನಾನೇ ಎಂದು ಅಲ್ಲಿದ್ದವರಿಗೆಲ್ಲ ಹೇಳುತ್ತಾನೆ. ಅಲ್ಲಿಗೆ ಬಂದಾಗ ಪುಸ್ತಕದಲ್ಲಿ ಕ್ಯಾಲಿಕ್ಲೀಸ್ ಬಿಟ್ಟುಕೊಟ್ಟ ಉತ್ತರಗಳನ್ನು ಜೊತೆಗಾರರು ತಮ್ಮ ಸ್ವಂತ ಮಾತಿನಲ್ಲಿ, ತಾವು ನಂಬಿದ್ದನ್ನೇ ಹೇಳುತ್ತಾ ತುಂಬಿಕೊಡಲಿ, ಓದುವುದನ್ನು ಅವರಿಗಾಗಿ ನಿಲ್ಲಿಸಿ.